ಪುಣೆಗೆ ಹೊಸಬರು: ಗಿಡ, ಸೊಪ್ಪು, ಹಾಲು, ಹಣ್ಣು ಎಲ್ಲಿ ತರೋದು?

ವಾಕಡ್_ಮೈಸೂರು
ಎಲ್ಲರಿಗೂ ನಮಸ್ಕಾರ. ಮೈಸೂರಿನಿಂದ ಈಗಷ್ಟೇ ಪುಣೆಗೆ ಬಂದಿದ್ದೇವೆ. ಅಡುಗೆಮನೆ ಬಿಟ್ಟರೆ ಉಳಿದ ಸಾಮಾನೆಲ್ಲ ಇನ್ನೂ ಡಬ್ಬದಲ್ಲೇ ಇದೆ. ಮನೆ ವಾಕಡ್‌ನಲ್ಲಿ, ಒಂಬತ್ತನೇ ಮಹಡಿ, ಪಶ್ಚಿಮಕ್ಕೆ ಅಗಲವಾದ ಬಾಲ್ಕನಿ.

ಎರಡು ವಿಷಯ ಕೇಳಬೇಕಿತ್ತು. ಒಂದು, ಗಿಡ. ಕರಿಬೇವು, ದಾಸವಾಳ, ಮಲ್ಲಿಗೆ, ತುಳಸಿ, ಸಿಕ್ಕರೆ ಒಂದು ಬಸಳೆ ಬಳ್ಳಿ. ಇಲ್ಲೇ ರಸ್ತೆ ಬದಿಯ ನರ್ಸರಿಯಲ್ಲಿ ಗೇಣುದ್ದದ ಕರಿಬೇವಿಗೆ ಇನ್ನೂರೈವತ್ತು ಕೇಳಿದರು. ವಾಪಸ್ ಬಂದೆ.

ಎರಡು, ತರಕಾರಿ, ಹಾಲು, ಮೊಟ್ಟೆ. ಒಂದು ಆ್ಯಪ್‌ನಲ್ಲಿ ತರಿಸಿದ ಮೆಂತ್ಯ ಸೊಪ್ಪು ಪ್ಲಾಸ್ಟಿಕ್ ಚೀಲದೊಳಗೇ ಬೆವೆತು ಕಪ್ಪಾಗಿತ್ತು. ಹೀರೇಕಾಯಿ ಬಲಿತು ನಾರು. ಮೈಸೂರಿನಲ್ಲಿ ಬೆಳಿಗ್ಗೆ ಸೊಪ್ಪಿನವಳು ಮನೆ ಮುಂದೆ ಕೂಗುತ್ತಾ ಬರುತ್ತಿದ್ದಳು, ಹಾಗಾಗಿ ಇದನ್ನೆಲ್ಲ ಹುಡುಕುವ ಅಭ್ಯಾಸವೇ ಇಲ್ಲ. ರೈತರಿಂದಲೇ ನೇರ ಕೊಳ್ಳುವ ದಾರಿ ಇದೆಯಾ? ಮರಾಠಿ ಬರೋದಿಲ್ಲ, ಹಿಂದಿ ತಕ್ಕಮಟ್ಟಿಗೆ. ಕಾರು ಇದೆ, ಭಾನುವಾರ ಬಿಡುವಿದೆ.

ಹಡಪ್ಸರ್_ಹನುಮ
ಉರುಳಿ ಕಾಂಚನ್. ಬೇರೆ ಮಾತೇ ಇಲ್ಲ.

ಕೋಥ್ರೂಡಕ್ಕ
ಹನುಮ, ವಾಕಡ್‌ನಿಂದ ಉರುಳಿ ಎಲ್ಲಿ? ಪುಣೆಯ ಈ ತುದಿಯಿಂದ ಆ ತುದಿ. ಪಾಪ, ಹೊಸದಾಗಿ ಬಂದವರು, ಒಂದು ಕರಿಬೇವಿಗೆ ಅಷ್ಟು ದೂರ ಓಡಿಸುತ್ತೀಯಾ?

ತಂಗಿ, ಮೊದಲು ಶಿವಾಜಿನಗರದ ಕೃಷಿ ಕಾಲೇಜಿಗೆ ಹೋಗಿ. 1907ರ ಕಾಲೇಜು, ಈಗ ರಾಹುರಿಯ ಮಹಾತ್ಮ ಫುಲೆ ಕೃಷಿ ವಿದ್ಯಾಪೀಠದ ಕೆಳಗಿದೆ. ಅವರದೇ ನರ್ಸರಿ ಇದೆ. ಗಾಜಿನ ಕುಂಡ, ಬಣ್ಣದ ಕಲ್ಲು ಅಂತ ಅಲಂಕಾರ ಏನೂ ಇಲ್ಲ. ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಗಿಡ ಇಟ್ಟಿರುತ್ತಾರೆ, ಬೆಲೆ ಬೋರ್ಡಿನಲ್ಲಿ ಬರೆದಿರುತ್ತದೆ, ಚೌಕಾಸಿ ಇಲ್ಲ. ಹಣ್ಣಿನ ಗಿಡ ಬೇಕಾದರೆ ಗಣೇಶಖಿಂಡ್‌ನ ಸಂಶೋಧನಾ ಕೇಂದ್ರ, ಅದು ನಿಮಗೆ ಇನ್ನೂ ಹತ್ತಿರ. ಮಾವಿನ ಕಸಿ ಗಿಡ ಅಲ್ಲಿ ನಂಬಿಕೆಯಿಂದ ತರಬಹುದು. ಎರಡೂ ಸರ್ಕಾರಿ ಜಾಗ. ಭಾನುವಾರ ಬಾಗಿಲು ಮುಚ್ಚಿರುತ್ತದೆ, ಊಟದ ಹೊತ್ತಿನಲ್ಲಿ ಯಾರೂ ಇರೋದಿಲ್ಲ. ಹನ್ನೊಂದರ ಸುಮಾರಿಗೆ ಹೋಗಿ.

ಮಣ್ಣುಹುಳು
ಅಕ್ಕ ಹೇಳಿದ್ದು ಸರಿ, ಆದರೆ ಸರ್ಕಾರಿ ನರ್ಸರಿಯಲ್ಲಿ ದಾಸವಾಳದ ಹತ್ತು ಬಣ್ಣ ಸಿಗೋದಿಲ್ಲ. ಹೂವಿನ ಗಿಡಕ್ಕೆ ಸೋಲಾಪುರ ರಸ್ತೆಯೇ. ಲೋಣಿ ಕಾಳಭೋರ್ ದಾಟಿದ ಮೇಲೆ ಉರುಳಿ ಕಾಂಚನ್‌ವರೆಗೆ ಎರಡೂ ಬದಿ ನರ್ಸರಿ. ನಗರದ ನರ್ಸರಿಗಳಿಗೂ ಇಲ್ಲಿಂದಲೇ ಟೆಂಪೋದಲ್ಲಿ ಗಿಡ ಹೋಗುತ್ತದೆ.

ಇನ್ನೊಂದು ವಿಷಯ. ಅಲ್ಲಿರುವ ಗಿಡವೆಲ್ಲ ಅಲ್ಲಿಯದೇ ಅಂತ ತಿಳಿಯಬೇಡಿ. ಎಷ್ಟೋ ಗಿಡ ಆಂಧ್ರದ ರಾಜಮಂಡ್ರಿ ಹತ್ತಿರದ ಕಡಿಯಂನಿಂದ ಲಾರಿಯಲ್ಲಿ ಬರುತ್ತದೆ. ಗೋದಾವರಿ ಬಯಲಿನ ತೇವದಲ್ಲಿ ಬೆಳೆದ ಗಿಡವನ್ನು ತಂದು ನಿಮ್ಮ ಪಶ್ಚಿಮದ ಬಾಲ್ಕನಿಯಲ್ಲಿ ಏಪ್ರಿಲ್ ಬಿಸಿಲಿಗೆ ಇಟ್ಟರೆ ವಾರದಲ್ಲಿ ಎಲೆ ಉದುರಿಸುತ್ತದೆ. 'ನರ್ಸರಿಯವನು ಮೋಸ ಮಾಡಿದ' ಅಂತ ಬೈಯುವವರಲ್ಲಿ ಅರ್ಧ ಜನರ ಕಥೆ ಇದೇ. ತಂದ ಗಿಡ ಮೊದಲು ನೆರಳಲ್ಲಿರಲಿ. ಆಮೇಲೆ ಬೆಳಗಿನ ಬಿಸಿಲು, ಆಮೇಲೆ ಮಧ್ಯಾಹ್ನದ್ದು. ತಂದ ದಿನವೇ ಕುಂಡ ಬದಲಿಸಬೇಡಿ.

ಗಿಡ ಆರಿಸುವಾಗ ಹೂ ನೋಡಬೇಡಿ, ಚೀಲದ ತಳ ನೋಡಿ. ತಳದ ತೂತಿನಿಂದ ದಪ್ಪ ಬೇರು ಹೊರಬಂದು ಸುತ್ತಿಕೊಂಡಿದ್ದರೆ ಆ ಗಿಡ ಚೀಲದಲ್ಲೇ ಮುದಿಯಾಗಿದೆ ಅಂತ ಅರ್ಥ. ಬಿಳಿ ಎಳೆ ಬೇರು ಇಣುಕುತ್ತಿದ್ದರೆ ಒಳ್ಳೆಯದು. ಕಾಂಡ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಮಣ್ಣಿನ ಸಮೇತ ಅಲ್ಲಾಡಬೇಕು. ಕಾಂಡ ಮಾತ್ರ ಅಲ್ಲಾಡಿದರೆ ನಿನ್ನೆ ಮೊನ್ನೆ ಚೀಲಕ್ಕೆ ತುರುಕಿದ್ದು.

ಹಡಪ್ಸರ್_ಹನುಮ
ನಾನು ಒಂದೇ ಸಾಲಲ್ಲಿ ಹೇಳಿದ್ದನ್ನೇ ಹುಳು ಸರ್ ಮೂರು ಪ್ಯಾರಾದಲ್ಲಿ ಹೇಳಿದರು 😄

ಬಾಣೇರ್_ಭಟ್ಟ
ಕರಿಬೇವಿಗೆ ಇನ್ನೂರೈವತ್ತಾ? ಹಗಲು ದರೋಡೆ. ಯಾರದಾದರೂ ಸೊಸೈಟಿಯಲ್ಲಿ ದೊಡ್ಡ ಕರಿಬೇವಿನ ಮರ ಇದ್ದೇ ಇರುತ್ತದೆ. ಬುಡದ ಸುತ್ತ ಬೇರಿನಿಂದ ಮರಿ ಎದ್ದಿರುತ್ತವೆ. ಮಳೆ ಶುರುವಾದ ಮೇಲೆ ಒಂದನ್ನು ಬೇರು ಸಮೇತ ಕಿತ್ತು ನೆಡಿ. ಕಾಸಿಲ್ಲ, ಖರ್ಚಿಲ್ಲ.

ಕೋಥ್ರೂಡಕ್ಕ
ಮಾಲಿಯನ್ನು ಕೇಳಿ ಕೀಳಿ, ಭಟ್ಟರ ಹಾಗೆ ಸುಮ್ನೆ ಕೀಳಬೇಡಿ.

ಬಾಣೇರ್_ಭಟ್ಟ
ಅಕ್ಕ, ನೀವು ನೋಡಿದ್ರಾ?

ಸಿಂಹಗಡ_ರಸ್ತೆ_ಸುಮಾ
ಕರಿಬೇವಿಗೆ ಹುಳಿ ಮಜ್ಜಿಗೆ ಹಾಕಿ, ಎಲೆ ಹಚ್ಚಗೆ ಬರುತ್ತದೆ. ನಮ್ಮತ್ತೆ ಹಾಗೇ ಮಾಡುತ್ತಿದ್ದರು.

ಮಣ್ಣುಹುಳು
ಮಜ್ಜಿಗೆ ತಿಂಗಳಿಗೊಮ್ಮೆ ನೀರಾಗಿಸಿ ಹಾಕಿದರೆ ತೊಂದರೆ ಇಲ್ಲ. ಆದರೆ ಅಪಾರ್ಟ್‌ಮೆಂಟ್ ಕುಂಡದಲ್ಲಿ ಗಟ್ಟಿ ಮಜ್ಜಿಗೆ ಸುರಿದರೆ ವಾಸನೆ, ಇರುವೆ, ಕೆಳಗಿನ ಮನೆಯವರ ಜಗಳ. ಗೊಬ್ಬರ ಹಾಕಿ, ತುದಿ ಚಿವುಟುತ್ತಾ ಇರಿ, ಸಾಕು.

ಬೆಳಗಾವಿ_ಮಾಮಾ
ತರಕಾರಿ ವಿಷಯಕ್ಕೆ ಯಾರೂ ಬರಲಿಲ್ಲವಲ್ಲ. ನಾನು ಹೇಳುತ್ತೇನೆ ಕೇಳಮ್ಮ.

ಪುಣೆಯ ಹೊಟ್ಟೆ ಅಂದರೆ ಗುಲ್ಟೇಕಡಿಯ ಮಾರ್ಕೆಟ್ ಯಾರ್ಡ್. ಪುರಂದರ, ಜುನ್ನರ, ಶಿರೂರ, ಖೇಡ ಎಲ್ಲ ಕಡೆಯಿಂದ ರಾತ್ರಿಯೆಲ್ಲ ಗಾಡಿ ಬರುತ್ತದೆ. ಬೆಳಕು ಹರಿಯುವಷ್ಟರಲ್ಲಿ ವ್ಯಾಪಾರ ಅರ್ಧ ಮುಗಿದಿರುತ್ತದೆ. ಭಾನುವಾರ ಜೋರು, ಶನಿವಾರ ರಜೆ. ಆದರೆ ಅದು ಸಗಟು ಪೇಟೆ. ಕೊತ್ತಂಬರಿ, ಮೆಂತ್ಯದ ರೇಟು ನೂರು ಜುಡಿಗೆ (ಕಟ್ಟಿಗೆ) ಇಷ್ಟು ಅಂತ ಹೇಳುತ್ತಾರೆ, ಬದನೆ, ಟೊಮೆಟೊ ಹತ್ತು ಕಿಲೋಗೆ ಇಷ್ಟು ಅಂತ. ಪೇಪರಿನಲ್ಲಿ ರೇಟು ಓದಿಕೊಂಡು ಹೋಗಿ 'ಒಂದು ಜುಡಿ ಕೊಡಿ' ಅಂದರೆ ಅಡತಿಯವನು ಮುಖ ಕೂಡ ಎತ್ತೋದಿಲ್ಲ. ಹಮಾಲರು ತಲೆ ಮೇಲೆ ಮೂಟೆ ಹೊತ್ತು 'ಚಲಾ ಚಲಾ' ಅಂತ ಓಡುತ್ತಿರುತ್ತಾರೆ, ದಾರಿಗೆ ಅಡ್ಡ ನಿಂತರೆ ಬೈಗುಳ ಗ್ಯಾರಂಟಿ. ಯಾರ್ಡಿನಲ್ಲೇ ಒಂದು ಕಡೆ ಚಿಲ್ಲರೆ ಮಾರುವವರು ಕೂತಿರುತ್ತಾರೆ, ಅವರ ಹತ್ತಿರ ತೆಗೆದುಕೊಳ್ಳಿ. ನಾಲ್ಕು ಮನೆ ಸೇರಿ ಒಂದು ಗಾಡಿಯಲ್ಲಿ ಹೋದರೆ ಈರುಳ್ಳಿ, ಆಲೂಗಡ್ಡೆ, ಬೆಳ್ಳುಳ್ಳಿ ಸಗಟಿನಲ್ಲೇ ಕೊಳ್ಳಬಹುದು.

ವಾಕಡ್‌ನವರಿಗೆ ಪಿಂಪ್ರಿ ಮಂಡಈ (ತರಕಾರಿ ಪೇಟೆ) ಸಾಕು. ಮೋಶಿಯಲ್ಲೂ ಉಪಬಜಾರ್ ಇದೆ.

ಮಂಗಳೂರು_ಮೀನು
ಮಾಮಾ, ಮಾರ್ಕೆಟ್ ಯಾರ್ಡ್‌ನ ಹೂವಿನ ವಿಭಾಗ ಬಿಟ್ಟಿರಲ್ಲ. ಗಣೇಶ ಚೌತಿಗೆ, ನವರಾತ್ರಿಗೆ ಅಲ್ಲಿಯ ಸೇವಂತಿಗೆ, ಚೆಂಡುಹೂವಿನ ರಾಶಿ ನೋಡಲಿಕ್ಕೇ ಹೋಗಬೇಕು.

ವಾಕಡ್_ಮೈಸೂರು
ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಮಾಮಾ, ಬೆಳಗಿನ ಜಾವ ಗುಲ್ಟೇಕಡಿಗೆ ಹೋಗುವ ಧೈರ್ಯ ಇನ್ನೂ ಇಲ್ಲ 🙂 ರೈತರೇ ತಂದು ಮಾರುವ ಸಂತೆ ಏನಾದರೂ ಇದೆಯಾ? ಪಕ್ಕದ ಫ್ಲ್ಯಾಟಿನವರು 'ಆಠವಡೆ ಬಾಜಾರ್' ಅಂತ ಏನೋ ಹೇಳಿದರು.

ಔಂಧ್_ಅನಂತ
ಹೌದು, ಅದು ವಾರದ ಸಂತೆ. ಮಹಾರಾಷ್ಟ್ರ ಕೃಷಿ ಮಾರಾಟ ಮಂಡಳಿಯವರು ಪುಣೆ, ಪಿಂಪ್ರಿ-ಚಿಂಚವಡ ಎರಡೂ ಕಡೆ ಶುರು ಮಾಡಿದ್ದು. ಒಂದೊಂದು ಏರಿಯಾಗೆ ವಾರದ ಒಂದೊಂದು ದಿನ. ರೈತರ ಗುಂಪುಗಳು ಟೆಂಪೋದಲ್ಲಿ ತಂದು ಮೈದಾನದಲ್ಲೋ ರಸ್ತೆ ಬದಿಯಲ್ಲೋ ಟೇಬಲ್ ಹಾಕುತ್ತಾರೆ. 2016ರಲ್ಲಿ ಹಣ್ಣು ತರಕಾರಿಯನ್ನು ಎಪಿಎಂಸಿ ಹಿಡಿತದಿಂದ ಬಿಡಿಸಿದ ಮೇಲೆ ಇಂಥವು ಜಾಸ್ತಿಯಾದವು. ನಿಮ್ಮ ಏರಿಯಾದ ವಾರ ಯಾವುದು ಅಂತ ಸೊಸೈಟಿ ವಾಚ್‌ಮನ್‌ನನ್ನು ಕೇಳಿ, ಅವನಿಗೆ ಗೊತ್ತಿರುತ್ತದೆ.

ಬಾಣೇರ್_ಭಟ್ಟ
ರೈತರ ಗುಂಪುಗಳಂತೆ! ಅರ್ಧ ಜನ ಬೆಳಿಗ್ಗೆ ಮಾರ್ಕೆಟ್ ಯಾರ್ಡ್‌ನಲ್ಲಿ ಕೊಂಡು ಸಂಜೆ ಇಲ್ಲಿ ರೈತರಾಗುತ್ತಾರೆ. ಭತ್ತ ಬೆಳೆಯುವ ಮಾವಳದ ರೈತನ ಹತ್ತಿರ ಸೇಬು ಇರುತ್ತದೆ ನೋಡಿ!

ಔಂಧ್_ಅನಂತ
ಭಟ್ಟರೇ, ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ನಮ್ಮ ಸಂತೆಗೆ ಜುನ್ನರ ಕಡೆಯ ಇಬ್ಬರು ಅಣ್ಣತಮ್ಮಂದಿರು ಬರುತ್ತಾರೆ. ಅವರ ಟೇಬಲ್ ಮೇಲೆ ಟೊಮೆಟೊ, ಕೋಸು, ಈರುಳ್ಳಿ ಬಿಟ್ಟು ಬೇರೆ ಏನೂ ಇರೋದಿಲ್ಲ. ಮಳೆ ಜಾಸ್ತಿಯಾದ ವಾರ ಕೋಸು ಕೂಡ ಇರೋದಿಲ್ಲ.

ಕೋಥ್ರೂಡಕ್ಕ
ಗುರುತು ಹಿಡಿಯೋದು ಅಲ್ಲೇ ಇದೆ ತಂಗಿ. ವರ್ಷವಿಡೀ ಇಪ್ಪತ್ತು ಬಗೆ ತರಕಾರಿ ಹರಡಿಕೊಂಡು ಕೂತವನು ವ್ಯಾಪಾರಿ. ಅದರಲ್ಲಿ ತಪ್ಪೇನೂ ಇಲ್ಲ, ಆದರೆ ಅವನನ್ನು ರೈತ ಅಂತ ಜಾಸ್ತಿ ಬೆಲೆ ಕೊಡಬೇಡಿ. ನಾಲ್ಕೇ ಬಗೆ ಇಟ್ಟುಕೊಂಡು, ಸೊಪ್ಪಿನ ಬೇರಿಗೆ ಹಸಿ ಮಣ್ಣು ಅಂಟಿಕೊಂಡಿದ್ದು, 'ಹೀರೇಕಾಯಿ ಮುಂದಿನ ವಾರದಿಂದ ಇಲ್ಲ' ಅಂತ ಹೇಳುವವರ ಹತ್ತಿರ ಖಾಯಂ ಆಗಿ. ಎರಡು ಮೂರು ಸಲ ಹೋದರೆ ಮುಖ ಪರಿಚಯ ಆಗುತ್ತದೆ. ನಮ್ಮ ಸಂತೆಗೆ ಬರುವ ತಾಯಿ ನನಗಾಗಿ ಎಳೆ ಬೆಂಡೆಕಾಯಿ ಟೇಬಲ್ ಕೆಳಗೆ ಚೀಲದಲ್ಲಿ ತೆಗೆದಿಟ್ಟಿರುತ್ತಾರೆ.

ಮಂಗಳೂರು_ಮೀನು
ಊರ ತರಕಾರಿ ಬೇಕಾದರೆ ರಾಸ್ತಾ ಪೇಠ್. ಅಲ್ಲಿ ದಕ್ಷಿಣದವರ ಅಂಗಡಿಗಳಿವೆ. ಫಿಲ್ಟರ್ ಕಾಫಿ ಪುಡಿ, ಕೆಂಪಕ್ಕಿ, ಕೆಲವು ಸಲ ಮಂಗಳೂರು ಸೌತೆ, ಬಾಳೆ ಎಲೆ.

ಡೊಂಬಿವಲಿ_ದಯಾನಂದ
ಮುಂಬೈಯಿಂದ ಒಂದು ಮಾತು. ಮಂಗಳೂರು ಸೌತೆ, ಗುಳ್ಳ, ಹರಿವೆ, ಕೆಸುವಿನ ಎಲೆ ಎಲ್ಲ ಒಂದೇ ಕಡೆ ನೋಡಬೇಕಾದರೆ ಮಾಟುಂಗಾ ಮಾರ್ಕೆಟ್‌ಗೆ ಬನ್ನಿ. ಪುಣೆಯಲ್ಲಿ ಹುಡುಕಿ ಹುಡುಕಿ ಸುಸ್ತಾಗೋದು ಯಾಕೆ?

ಹಡಪ್ಸರ್_ಹನುಮ
ಸೌತೆಕಾಯಿಗೆ ಎಕ್ಸ್‌ಪ್ರೆಸ್‌ವೇ ಟೋಲ್ ಕಟ್ಟಿ ಮುಂಬೈಗಾ ಅಣ್ಣಾ? ಟೋಲಿನ ದುಡ್ಡಿಗೆ ಇಲ್ಲಿ ವಾರದ ತರಕಾರಿ ಬರುತ್ತದೆ.

ಡೊಂಬಿವಲಿ_ದಯಾನಂದ
ಡೆಕ್ಕನ್ ಕ್ವೀನ್‌ನಲ್ಲಿ ಬನ್ನಿ ಮಾರಾಯ, ಟೋಲ್ ಇಲ್ಲ. ದಾದರ್‌ನಲ್ಲಿ ಇಳಿದರೆ ಮಾಟುಂಗಾ ಪಕ್ಕದ ಸ್ಟೇಷನ್.

ವಿಜಾಪುರ_ವಿಜಯಾ
ಉತ್ತರ ಕರ್ನಾಟಕದವರಿಗೆ ಪುಣೆಯಲ್ಲಿ ಇಂಥ ತಾಪತ್ರಯವೇ ಇಲ್ಲ. ಪುಂಡಿ ಪಲ್ಯ, ಸಬ್ಬಸಿಗೆ, ರಾಜಗಿರಿ, ಚಕ್ಕೋತ, ಕುಸುಬಿ ಎಲೆ ಎಲ್ಲ ಮಂಡಈಯಲ್ಲಿ ರಾಶಿ ಬಿದ್ದಿರುತ್ತದೆ. ಜೋಳ ಬೇಕಾದರೆ ಸೋಲಾಪುರದ ಮಾಲದಂಡಿ ಕೇಳಿ, ರೊಟ್ಟಿ ಹೂವಿನಂತೆ ಬರುತ್ತದೆ. ಚಳಿಗಾಲದಲ್ಲಿ ಸುಟ್ಟ ಎಳೆ ಜೋಳದ ತೆನೆ ತಿನ್ನಲು ಸೋಲಾಪುರ ರಸ್ತೆ, ನಗರ ರಸ್ತೆಯ (ಅಹಿಲ್ಯಾನಗರ, ಹಳೆಯ ಅಹಮದ್‌ನಗರದ ರಸ್ತೆ) ಹೊಲಗಳಿಗೇ ಹೋಗಬಹುದು. ಹುರಡಾ ಪಾರ್ಟಿ ಅಂತ ಬೋರ್ಡ್ ಹಾಕಿರುತ್ತಾರೆ. ನಮ್ಮ ಸೀತನಿಯೇ, ಜೊತೆಗೆ ಶೇಂಗಾ ಚಟ್ನಿ, ಬೆಲ್ಲ, ಮೊಸರು.

ಮಂಡಈ ಅಂದರೆ ಶುಕ್ರವಾರ ಪೇಠದ ಮಹಾತ್ಮ ಫುಲೆ ಮಂಡಈ. 1886ರ ಕಟ್ಟಡ, ನಡುವೆ ಗೋಪುರ, ಕಲ್ಲಿನ ಕಟ್ಟೆ ಮೇಲೆ ಮಾರುವವರು ಎತ್ತರದಲ್ಲಿ ಕೂತು ತೂಗುತ್ತಾರೆ. ಕಾರು ಮಾತ್ರ ತರಬೇಡಿ, ಪಾರ್ಕಿಂಗ್ ಹುಡುಕುವಷ್ಟರಲ್ಲಿ ಸೊಪ್ಪು ಬಾಡುತ್ತದೆ. ಈಗ ಮೆಟ್ರೋ ಅಲ್ಲೇ ನಿಲ್ಲುತ್ತದೆ, ಪಿಂಪ್ರಿಯಿಂದ ಹತ್ತಿದರೆ ಸೀದಾ ಮಂಡಈ.

ವಾಕಡ್_ಮೈಸೂರು
ಅಯ್ಯೋ ಮೆಟ್ರೋ ವಿಷಯ ಗೊತ್ತಿರಲಿಲ್ಲ, ಸೂಪರ್. ಅವರೆಕಾಯಿ ಸಿಗುತ್ತದಾ ಅಕ್ಕ? ಸೊಗಡಿನದ್ದು?

ವಿಜಾಪುರ_ವಿಜಯಾ
ಪಾವಟಾ ಅಂತ ಸಿಗುತ್ತದೆ, ಚಳಿಗಾಲದಲ್ಲಿ. ಸಾರಿಗೆ ಆಗುತ್ತದೆ. ಸೊಗಡು ಮಾತ್ರ ಮೈಸೂರಿನ ಇಬ್ಬನಿಗೇ ಬಿಡಿ.

ಬಾಣೇರ್_ಭಟ್ಟ
ಅವರೆಕಾಯಿಗೆ ಸೊಗಡು ಇರೋದೆಲ್ಲ ಮೈಸೂರಿನವರ ತಲೆಯಲ್ಲಿ.

ವಾಕಡ್_ಮೈಸೂರು
ಭಟ್ಟರೇ, ಡಿಸೆಂಬರ್‌ನಲ್ಲಿ ಊರಿಂದ ತಂದು ನಿಮ್ಮ ಮನೆಗೇ ಕಳಿಸುತ್ತೇನೆ. ಚೀಲಕ್ಕೆ ಮೂಗಿಟ್ಟು ಆಮೇಲೆ ಹೇಳಿ.

ಸಿಂಹಗಡ_ರಸ್ತೆ_ಸುಮಾ
ಆರ್ಗ್ಯಾನಿಕ್ ಬಗ್ಗೆ ಯಾರೂ ಮಾತಾಡಲಿಲ್ಲ. ನಮ್ಮ ಏರಿಯಾದಲ್ಲಿ ಒಂದು ಆರ್ಗ್ಯಾನಿಕ್ ಅಂಗಡಿ ಇದೆ, ಬೆಲೆ ಡಬಲ್. ನಂಬಬಹುದಾ?

ಮಣ್ಣುಹುಳು
ಸುಮಾ ಮೇಡಂ, ಬೋರ್ಡ್ ಬರೆಸಲು ಯಾರಪ್ಪನ ಅಪ್ಪಣೆಯೂ ಬೇಡ. ನಿಯಮ ಹೀಗಿದೆ. ಪ್ಯಾಕ್ ಮಾಡಿ ಅಂಗಡಿಯಲ್ಲಿ ಆರ್ಗ್ಯಾನಿಕ್ ಅಂತ ಮಾರಬೇಕಾದರೆ ಪ್ರಮಾಣಪತ್ರ ಬೇಕು, ಜೈವಿಕ್ ಭಾರತ್ ಗುರುತು ಇರಬೇಕು. ಪ್ರಮಾಣಪತ್ರ ಎರಡು ಬಗೆ. ಒಂದು ಎನ್‌ಪಿಒಪಿ, ಕೇಂದ್ರ ಸರ್ಕಾರದ ಸಾವಯವ ಕಾರ್ಯಕ್ರಮದ್ದು. ಸಂಸ್ಥೆಯವರು ಬಂದು ತಪಾಸಣೆ ಮಾಡುತ್ತಾರೆ, ಖರ್ಚು ಜಾಸ್ತಿ, ರಫ್ತಿನವರಿಗೆ ಬೇಕಾದದ್ದು. ಇನ್ನೊಂದು ಪಿಜಿಎಸ್. ಊರಿನ ರೈತರೇ ಗುಂಪು ಮಾಡಿಕೊಂಡು ಒಬ್ಬರ ಹೊಲ ಇನ್ನೊಬ್ಬರು ನೋಡಿ ಒಪ್ಪುವ ಪದ್ಧತಿ. ವರ್ಷಕ್ಕೆ 12 ಲಕ್ಷಕ್ಕಿಂತ ಕಡಿಮೆ ವಹಿವಾಟಿನ ಸಣ್ಣ ರೈತ ತಾನೇ ನೇರ ಗಿರಾಕಿಗೆ ಮಾರಿದರೆ ಪ್ರಮಾಣಪತ್ರ ಬೇಡ ಅಂತ ವಿನಾಯಿತಿ ಇದೆ. ಹಾಗಾಗಿ ಸಂತೆಯ ರೈತನ ಹತ್ತಿರ ಕಾಗದ ಇಲ್ಲ ಅಂದರೆ ಅನುಮಾನ ಪಡಬೇಕಿಲ್ಲ. ಎಸಿ ಅಂಗಡಿಯಲ್ಲಿ ಪ್ಯಾಕೆಟ್ ಮೇಲೆ ಗುರುತೇ ಇಲ್ಲದಿದ್ದರೆ ಖಂಡಿತ ಕೇಳಿ.

ಔಂಧ್_ಅನಂತ
ನನ್ನ ಲೆಕ್ಕದಲ್ಲಿ ಆರ್ಗ್ಯಾನಿಕ್‌ಗಿಂತ ಸೀಸನ್ ಮುಖ್ಯ. ಮಳೆಗಾಲದಲ್ಲಿ ಹೂಕೋಸು ಚಂದ ಕಾಣಬೇಕಾದರೆ ಔಷಧಿ ಹೊಡೆಯದೆ ಆಗೋದಿಲ್ಲ. ಆ ಹೊತ್ತಿಗೆ ಕಾಡಿನ ಸೊಪ್ಪು, ಕಾಯಿ ತಿನ್ನಿ. ಮುಳಶಿ, ಭೋರ್, ವೇಲ್ಹೆ ಕಡೆಯ ಹೆಂಗಸರು ಜೂನ್ ಕೊನೆಯಿಂದ ಪುಟ್ಟಿಯಲ್ಲಿ ತಂದು ಕೂರುತ್ತಾರೆ. ಮಡಹಾಗಲ, ಚಗಟೆ, ಅಣ್ಣೆ ಸೊಪ್ಪು. ಔಷಧಿ ಇಲ್ಲ, ಗೊಬ್ಬರ ಇಲ್ಲ, ಸರ್ಟಿಫಿಕೇಟೂ ಇಲ್ಲ.

ಕೋಥ್ರೂಡಕ್ಕ
ಮಡಹಾಗಲ ಕೊಳ್ಳುವಾಗ ಎಳೆಯದು ಆರಿಸಿ. ಹಳದಿ ತಿರುಗಿದ್ದರೆ ಒಳಗೆ ಬೀಜ ಕೆಂಪಾಗಿ ಗಟ್ಟಿ ಇರುತ್ತದೆ. ಪರಿಚಯ ಇಲ್ಲದ ಕಾಡು ಸೊಪ್ಪನ್ನು ಮಾತ್ರ ಮಾರುವವರನ್ನು ಕೇಳದೆ ಬೇಯಿಸಬೇಡಿ. ಕೆಲವಕ್ಕೆ ಹುಣಸೆ ಹಾಕದಿದ್ದರೆ ಗಂಟಲು ಕೆರೆಯುತ್ತದೆ.

ಹಡಪ್ಸರ್_ಹನುಮ
ಹಾಲು? ಎ2 (ಹಾಲಿನ ಒಂದು ಪ್ರೋಟೀನಿನ ಬಗೆ) ಗೀರ್ ಹಸು ಹಾಲು ಅಂತ ನಮ್ಮ ಸೊಸೈಟಿಯಲ್ಲಿ ಒಬ್ಬರು ಗಾಜಿನ ಬಾಟಲಿಯಲ್ಲಿ ಹಾಕುತ್ತಾರೆ, ಸಾಮಾನ್ಯ ಹಾಲಿಗಿಂತ ಬೆಲೆ ಎಲ್ಲೋ ಮೇಲೆ. ಕುಡಿದವರ ಮುಖದಲ್ಲಿ ಬೇರೆ ಕಳೆ ಏನೂ ಕಂಡಿಲ್ಲ.

ಮಣ್ಣುಹುಳು
2024ರ ಆಗಸ್ಟ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಎ1, ಎ2 ಅಂತ ಲೇಬಲ್ ಹಾಕಬೇಡಿ ಅಂತ ಆದೇಶ ಹೊರಡಿಸಿತು. ಕೆಲವೇ ದಿನಕ್ಕೆ ಅದನ್ನೇ ವಾಪಸ್ ತೆಗೆದುಕೊಂಡಿತು. ಅಲ್ಲಿಗೆ ನಿಮಗೇ ಅರ್ಥ ಆಗುತ್ತದೆ.

ಬೆಳಗಾವಿ_ಮಾಮಾ
ಗೋಠಾದಿಂದ, ಅಂದರೆ ಕೊಟ್ಟಿಗೆಯಿಂದಲೇ, ಎಮ್ಮೆ ಹಾಲು ತನ್ನಿ. ಕಣ್ಣ ಮುಂದೆ ಕರೆಸಿಕೊಳ್ಳಿ. ಕೆನೆ ಬೆರಳಷ್ಟು ದಪ್ಪ.

ಸಿಂಹಗಡ_ರಸ್ತೆ_ಸುಮಾ
ತನ್ನಿ, ಆದರೆ ಚೆನ್ನಾಗಿ ಕಾಯಿಸಿ. 'ಹಸಿ ಹಾಲೇ ಅಮೃತ' ಅಂತ ಮಕ್ಕಳಿಗೆ ಕುಡಿಸುವವರನ್ನು ನೋಡಿದ್ದೇನೆ. ನಾನು ಲ್ಯಾಬ್‌ನಲ್ಲಿ ಕೆಲಸ ಮಾಡುವವಳು. ಕಾಯಿಸದ ಹಾಲಿನಿಂದ ಬ್ರುಸೆಲ್ಲಾ ಜ್ವರ ಬರುತ್ತದೆ, ಹಟ ಹಿಡಿದ ಜ್ವರ ಅದು. ಮೊಟ್ಟೆ ಬಗ್ಗೆಯೂ ಹೇಳಿಬಿಡುತ್ತೇನೆ. ಕಂದು ಬಣ್ಣ ಇದ್ದರೆ ಜವಾರಿ ಅಂತಲ್ಲ. ಸಿಪ್ಪೆ ಬಣ್ಣ ಕೋಳಿಯ ತಳಿಗೆ ಬಿಟ್ಟದ್ದು. ಫಾರಂನಲ್ಲೂ ಕಂದು ಮೊಟ್ಟೆ ಇಡುವ ಕೋಳಿ ಇವೆ. ಗಾವರಾನ್ (ಜವಾರಿ) ಅಂತ ದುಪ್ಪಟ್ಟು ಕೊಡುವ ಮೊದಲು ಯೋಚಿಸಿ. ಹಳ್ಳಿಯವರು ತರುವ ಮೊಟ್ಟೆ ಒಂದೇ ಅಳತೆಯಲ್ಲಿ ಇರೋದಿಲ್ಲ, ಚಿಕ್ಕದು ದೊಡ್ಡದು ಬೆರೆತಿರುತ್ತದೆ.

ಮಂಗಳೂರು_ಮೀನು
ಮೊಟ್ಟೆ ಬಂತು, ಮೀನು ಬರಲಿ. ಗಣೇಶ ಪೇಠ್ ಮೀನು ಮಾರುಕಟ್ಟೆ, ಇಲ್ಲವೇ ಕ್ಯಾಂಪ್‌ನ ಶಿವಾಜಿ ಮಾರ್ಕೆಟ್. ಬಂಗುಡೆ, ಅಂಜಲ್ ಬೆಳಿಗ್ಗೆ ಬೇಗ ಹೋದರೆ ಚೆನ್ನಾಗಿರುತ್ತದೆ. ಕಾಣೆ ಮೀನು ಸಿಕ್ಕರೆ ಅದೃಷ್ಟ. ಉಜನಿ ಅಣೆಕಟ್ಟಿನ ಸಿಹಿನೀರಿನ ಮೀನು ಬೇಕಾದರೆ ಭಿಗವಣಕ್ಕೆ ಹೋಗಬೇಕು.

ಬಾಣೇರ್_ಭಟ್ಟ
ಕೇಳಿದ್ದು ಸೊಪ್ಪು, ಬಂದದ್ದು ಬಂಗುಡೆ.

ಮಂಗಳೂರು_ಮೀನು
ಫಾರ್ಮ್ ಫುಡ್ ಅಂದರೆ ಸಮುದ್ರವೂ ಒಂದು ಫಾರ್ಮೇ ಭಟ್ರೇ.

ಔಂಧ್_ಅನಂತ
ಅಕ್ಕಿ ಯಾರೂ ಹೇಳಲಿಲ್ಲ. ವಾಕಡ್‌ನವರಿಗೆ ಎಲ್ಲಕ್ಕಿಂತ ಹತ್ತಿರ ಇರುವುದೇ ಅಕ್ಕಿ. ಮಾವಳ ಮತ್ತು ಮುಳಶಿ ಎರಡೂ ಭತ್ತದ ಸೀಮೆ. ಇಂದ್ರಾಯಣಿ ಅಕ್ಕಿ ಹುಟ್ಟಿದ್ದೇ ವಡಗಾವ್ ಮಾವಳದ ಸಂಶೋಧನಾ ಕೇಂದ್ರದಲ್ಲಿ, ಅಂಬೆಮೋಹರ್-157 ಮತ್ತು ಐಆರ್-8 ಬೆರಕೆ ಮಾಡಿ. ನವೆಂಬರ್‌ನಲ್ಲಿ ಹಳೇ ಮುಂಬೈ ರಸ್ತೆಯಲ್ಲಿ ಕಾಮಶೇತ್ ಕಡೆ ಹೋದರೆ ಹೊಸ ಅಕ್ಕಿ ಚೀಲ ಇಟ್ಟುಕೊಂಡು ಕೂತಿರುತ್ತಾರೆ. ಅನ್ನ ಅಂಟಂಟು, ಆದರೆ ಪರಿಮಳ! ಅಂಗಡಿಯಲ್ಲಿ ಅಂಬೆಮೋಹರ್ ಅಂತ ಸಿಗೋದೆಲ್ಲ ಮುಳಶಿಯದಲ್ಲ, ಅದನ್ನು ಪೌಡ್ ಕಡೆಯ ಬೆಳೆಗಾರರ ಹತ್ತಿರವೇ ತನ್ನಿ.

ವಾಕಡ್_ಮೈಸೂರು
ಬಿಸಿಬೇಳೆಬಾತಿಗೆ ಆಗುತ್ತದಾ ಇಂದ್ರಾಯಣಿ?

ಔಂಧ್_ಅನಂತ
ಬಿಸಿಬೇಳೆಬಾತು, ಪೊಂಗಲ್‌ಗೆ ಹೇಳಿ ಮಾಡಿಸಿದ ಹಾಗೆ. ಪುಳಿಯೋಗರೆಗೆ ಮಾತ್ರ ಬೇಡ, ಮುದ್ದೆ ಆಗುತ್ತದೆ.

ಬೆಳಗಾವಿ_ಮಾಮಾ
ಹಣ್ಣಿಗೆ ಸಾಸವಡ. ಹಡಪ್ಸರ್ ಬಿಟ್ಟು ದಿವೆ ಘಾಟ್ ಹತ್ತಿದರೆ ಪುರಂದರ ತಾಲೂಕು. ಅಲ್ಲಿಯ ಅಂಜೂರಕ್ಕೆ ಜಿಐ (ಭೌಗೋಳಿಕ ಗುರುತು) ಇದೆ. ವರ್ಷಕ್ಕೆ ಎರಡು ಬಹಾರ (ಫಸಲು), ಬೇಸಿಗೆಯಲ್ಲಿ ಬರುವುದು ಸಿಹಿ ಜಾಸ್ತಿ. ಮಳೆಗಾಲ ಹಿಡಿದ ಮೇಲೆ ಸೀತಾಫಲ. ತೋಟದವರೇ ಬುಟ್ಟಿಯಲ್ಲಿ ತರುತ್ತಾರೆ. ಬುಟ್ಟಿ ಮೇಲಿನ ಸಾಲು ಮಾತ್ರ ನೋಡಬೇಡಿ, ಕೆಳಗೆ ಕೈ ಹಾಕಿ. ಅಂಜೂರ ಕೊಂಡ ದಿನವೇ ತಿನ್ನಬೇಕು, ಮರುದಿನಕ್ಕೆ ಹುಳಿ ವಾಸನೆ. ಸ್ಟ್ರಾಬೆರಿಗೆ ಮಹಾಬಳೇಶ್ವರದವರೆಗೆ ಹೋಗೋದು ತಿರುಗಾಟಕ್ಕೆ ಸರಿ. ಹಣ್ಣಿಗಾಗಿ ಬೇಡ, ಜನವರಿಯಲ್ಲಿ ಇಲ್ಲೇ ಬೀದಿಬೀದಿಯಲ್ಲಿ ಸಿಗುತ್ತದೆ.

ಧಾರವಾಡ_ಪೇಡಾ
ಮಾವಿನ ಹಣ್ಣು? ಅಥವಾ ಅದು ಹೇಳಿದರೆ ಜಗಳ ಆಗುತ್ತದೆ ಅಂತ ಸುಮ್ಮನಿದ್ದೀರಾ?

ಬೆಳಗಾವಿ_ಮಾಮಾ
ಶುರುವಾಯ್ತು.

ಧಾರವಾಡ_ಪೇಡಾ
ಶುರುವಾಗಲಿ. ರತ್ನಾಗಿರಿ ಅಂತ ಬರೆದ ಪೆಟ್ಟಿಗೆಯಲ್ಲಿ ನಮ್ಮ ಕರ್ನಾಟಕದ ಆಪೂಸು ಇಟ್ಟು ಮಾರುತ್ತಾರೆ, ದರ ಮಾತ್ರ ರತ್ನಾಗಿರಿಯದು. ನಮ್ಮ ಹಣ್ಣು ನಮ್ಮ ಹೆಸರಲ್ಲಿ ಮಾರಿದರೆ ಅಗ್ಗ, ಅವರ ಹೆಸರಲ್ಲಿ ತುಟ್ಟಿ. ಹಣ್ಣು ಅದೇ ಅಲ್ವಾ?

ಮಣ್ಣುಹುಳು
ಅದೇ ಅಲ್ಲ. ತಳಿ ಒಂದೇ, ಮಣ್ಣು ಗಾಳಿ ಬೇರೆ. ಕೊಂಕಣದ ಜಂಬಿಟ್ಟಿಗೆ ಮಣ್ಣು, ಸಮುದ್ರದ ಗಾಳಿಯ ಹಣ್ಣಿಗೆ ಸಿಪ್ಪೆ ತೆಳು, ವಾಸನೆ ಮುಂದು. 2018ರಲ್ಲಿ ಹಾಪೂಸ್‌ಗೆ ಜಿಐ ಕೊಟ್ಟಾಗ ರತ್ನಾಗಿರಿ, ಸಿಂಧುದುರ್ಗ, ಪಾಲಘರ್, ಠಾಣೆ, ರಾಯಗಡ ಐದೇ ಜಿಲ್ಲೆಗೆ ಕೊಟ್ಟಿದ್ದಾರೆ. ಕೊಂಕಣದ್ದೇ ಬೇಕಾದರೆ ಬೇಸಿಗೆಯಲ್ಲಿ ಮಾರಾಟ ಮಂಡಳಿಯವರು ಪುಣೆಯಲ್ಲಿ ಮಾವು ಮಹೋತ್ಸವ ಮಾಡುತ್ತಾರೆ, ಬೆಳೆಗಾರರೇ ಬಂದು ಕೂರುತ್ತಾರೆ. ಅಲ್ಲಿ ಕೊಳ್ಳಿ. ಕರ್ನಾಟಕದ್ದು ಸಾಕು ಅನ್ನುವವರು ಮಾರ್ಕೆಟ್ ಯಾರ್ಡ್‌ನಲ್ಲಿ 'ಕರ್ನಾಟಕ ಹಾಪೂಸ್' ಅಂತ ಬಾಯಿಬಿಟ್ಟು ಕೇಳಿ, ಸರಿಯಾದ ದರಕ್ಕೆ ಸಿಗುತ್ತದೆ. ಎಲ್ಲೇ ಕೊಂಡರೂ ಕಾಯಿ ಕೊಂಡು ಹುಲ್ಲಿನಲ್ಲಿ ಮನೆಯಲ್ಲೇ ಹಣ್ಣು ಮಾಡಿ. ಕಾರ್ಬೈಡ್ ಹಾಕುವುದು ಕಾನೂನಿನಲ್ಲಿ ನಿಷೇಧ, ಎಥಿಲೀನ್ ಗ್ಯಾಸಿಗೆ ಮಾತ್ರ ಅನುಮತಿ. ಆದರೆ ಅಂಗಡಿಯವನ ಹಿಂದಿನ ಕೋಣೆಯಲ್ಲಿ ಏನಿದೆ ಅಂತ ನೀವು ಹೋಗಿ ನೋಡೋದಿಲ್ಲವಲ್ಲ.

ಧಾರವಾಡ_ಪೇಡಾ
ಐದು ಜಿಲ್ಲೆಯ ಕಾಗದ ನಮ್ಮ ನಾಲಿಗೆಗೆ ಸಂಬಂಧ ಇಲ್ಲ ಸರ್. ಕಲಘಟಗಿ ಕಡೆಯ ಆಪೂಸು ತಿಂದು ಮಾತಾಡಿ.

ಮಣ್ಣುಹುಳು
ತಿಂದೇ ಮಾತಾಡಿದ್ದು.

ಕೋಥ್ರೂಡಕ್ಕ
ಇಬ್ಬರೂ ಒಂದೊಂದು ಡಜನ್ ನಮ್ಮನೆಗೆ ಕಳಿಸಿ, ತೀರ್ಪು ನಾನು ಕೊಡುತ್ತೇನೆ.

ತಂಗಿ, ಗಿಡದ ವಿಷಯಕ್ಕೆ ಒಂದು ಬಿಟ್ಟುಹೋಗಿತ್ತು. ಜನವರಿ ಕೊನೆಯಲ್ಲಿ ರೇಸ್‌ಕೋರ್ಸ್ ಹತ್ತಿರದ ಎಂಪ್ರೆಸ್ ಗಾರ್ಡನ್‌ನಲ್ಲಿ ಪುಷ್ಪ ಪ್ರದರ್ಶನ ಆಗುತ್ತದೆ. ಪುಣೆ ಸುತ್ತಲಿನ ನರ್ಸರಿಯವರು ಅಲ್ಲಿಗೇ ಮಳಿಗೆ ಹಾಕುತ್ತಾರೆ, ಉರುಳಿವರೆಗೆ ಹೋಗುವ ಕೆಲಸ ಇಲ್ಲ. ಕೊನೆಯ ದಿನ ಸಂಜೆ ಹೋದರೆ ವಾಪಸ್ ಹೊತ್ತುಕೊಂಡು ಹೋಗೋದು ತಪ್ಪಲಿ ಅಂತ ದರ ಇಳಿಸುತ್ತಾರೆ. ಮಣ್ಣಿನ ಕುಂಡಕ್ಕೆ ಮುಂಢವಾದ ಕೇಶವನಗರ, ಅಲ್ಲಿ ಕುಂಬಾರರ ಮನೆಗಳೇ ಸಾಲಾಗಿವೆ. ದೀಪಾವಳಿಗೆ ಹಣತೆಯೂ ಅಲ್ಲಿಯೇ.

ಮಣ್ಣುಹುಳು
ಒಂಬತ್ತನೇ ಮಹಡಿಗೆ ಮಣ್ಣಿನ ಕುಂಡ ಭಾರ ಅಕ್ಕ. ಗಾಳಿಗೆ ಉರುಳೋದಿಲ್ಲ ಅನ್ನೋದು ಒಂದು ಲಾಭ. ಕಟಕಟೆ ಮೇಲೆ ಮಾತ್ರ ಯಾವ ಕುಂಡವನ್ನೂ ಇಡಬೇಡಿ, ಕೆಳಗೆ ಜನ ಓಡಾಡುತ್ತಾರೆ. ಬಸಳೆಗೆ ನರ್ಸರಿ ಬೇಡವೇ ಬೇಡ, ಮಂಡಈಯಲ್ಲಿ ದಪ್ಪ ಕಡ್ಡಿಯ ಕಟ್ಟು ಕೊಂಡು, ಎಲೆ ಸಾರಿಗೆ ಹಾಕಿ, ಕಡ್ಡಿ ಮಣ್ಣಿಗೆ ಚುಚ್ಚಿ. ಚಳಿಗಾಲದಲ್ಲಿ ಬೆಳೆಯೋದಿಲ್ಲ, ಹೋಯ್ತು ಅಂತ ಕಿತ್ತು ಬಿಸಾಡಬೇಡಿ, ಮಾರ್ಚ್‌ನಲ್ಲಿ ಮತ್ತೆ ಚಿಗುರುತ್ತದೆ. ಇಲ್ಲಿಯ ಕಪ್ಪು ಮಣ್ಣು ನೀರು ಹಿಡಿದುಕೊಳ್ಳುತ್ತದೆ, ಬರೀ ಅದನ್ನೇ ತುಂಬಬೇಡಿ. ಅರ್ಧ ಕೆಂಪು ಮಣ್ಣು, ಉಳಿದದ್ದು ಗೊಬ್ಬರ ಮತ್ತು ಒಣ ಎಲೆ.

ಹಡಪ್ಸರ್_ಹನುಮ
ಸರಿ, ಈ ಭಾನುವಾರ ನಾವು ನಾಲ್ಕು ಮನೆಯವರು ಉರುಳಿಗೆ ಹೋಗುತ್ತಿದ್ದೇವೆ. ಬರುವಾಗ ಮಾಂಜರಿಯ ಉಪಬಜಾರ್‌ನಲ್ಲಿ ತರಕಾರಿ. ಅಲ್ಲಿ ರೈತರೇ ತಂದು ಮಾರುತ್ತಾರೆ, ಭಟ್ಟರು ಬಂದು ಆಧಾರ್ ಕಾರ್ಡ್ ಪರಿಶೀಲಿಸಬಹುದು. ವಾಕಡ್ ಮೇಡಂ, ನೀವು ಬರುವುದಾದರೆ ಹೇಳಿ. ಹಿಂದಿನ ಸೀಟು ಮಡಚಿ ಬನ್ನಿ, ಗಿಡಕ್ಕೆ ಜಾಗ ಬೇಕಾಗುತ್ತದೆ.

ವಾಕಡ್_ಮೈಸೂರು
ಖಂಡಿತ ಬರುತ್ತೇವೆ! ಎಷ್ಟು ಹೊತ್ತಿಗೆ, ಎಲ್ಲಿ ಸೇರೋದು?

ಹಡಪ್ಸರ್_ಹನುಮ
ಆರೂವರೆಗೆ, ಹಡಪ್ಸರ್ ಗಾಡೀತಳ. ನೀವು ಐದೂಮುಕ್ಕಾಲಿಗೆ ಮನೆ ಬಿಡಿ.

ಬಾಣೇರ್_ಭಟ್ಟ
ನಾನೂ ಬರುತ್ತೇನೆ. ಆರೂವರೆ ಅಂದರೆ ಏಳೂವರೆನಾ?

ಹಡಪ್ಸರ್_ಹನುಮ
ಭಟ್ಟರಿಗೆ ಮಾತ್ರ ಐದೂವರೆ.